ಲಿಂಕ್ಡ್ ಬ್ರೇಕ್ ಅಪ್‌ಗ್ರೇಡ್: ದಾವಣಗೆರೆ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆಯಿಂದ ನಮ್ಮ ಗ್ಯಾರೇಜಿಗೆ ಬರುವ ಸ್ಪೋರ್ಟ್ ಟೂರಿಂಗ್ ಸವಾರರು ಲಿಂಕ್ಡ್ ಬ್ರೇಕ್ (ಒಂದನ್ನು ಒತ್ತಿದರೆ ಮುಂದಿನ, ಹಿಂದಿನ ಎರಡೂ ಬ್ರೇಕ್ ಹಿಡಿಯುವ ವ್ಯವಸ್ಥೆ) ಬಗ್ಗೆ ಕೇಳುವ ಪ್ರಶ್ನೆಗಳಿವು. ಜಾಸ್ತಿ ಬರೋದು ಹೋಂಡಾ ಸಿಬಿಆರ್250ಆರ್ ಗಾಡಿಯ ಸಿ-ಎಬಿಎಸ್ ಮಾಡೆಲ್, ಅಂದ್ರೆ ಲಿಂಕ್ಡ್ ಬ್ರೇಕ್ ಜೊತೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ಸೂ ಇರೋದು. ಆಗೊಮ್ಮೆ ಈಗೊಮ್ಮೆ ಬೆಂಗಳೂರು-ಪುಣೆ ಹೆದ್ದಾರಿಯಲ್ಲಿ ಹೊರಟ ವಿಎಫ್‌ಆರ್800 ತರಹದ ದೊಡ್ಡ ಗಾಡಿಯೂ ಬರುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಲಿಂಕ್ ಕಿತ್ತು ಹಾಕಿಸುವ ಮುಂಚೆ, ಹೊಸದರಲ್ಲಿ ಅದು ಹೇಗೆ ಕೆಲಸ ಮಾಡುತ್ತಿತ್ತೋ ಆ ಸ್ಥಿತಿಗೆ ತಂದು ಒಮ್ಮೆ ಓಡಿಸಿ ನೋಡಬೇಕು. ಹಾಗೆ ಓಡಿಸಿದ ಮೇಲೆ ಬಹಳಷ್ಟು ಜನ ಕಿತ್ತು ಹಾಕಿಸುವ ಮಾತೇ ಎತ್ತೋದಿಲ್ಲ.

ಲಿಂಕ್ಡ್ ಬ್ರೇಕ್ ಅಂದ್ರೆ ಏನು? ಎರಡೂ ಬ್ರೇಕ್ ಒಟ್ಟಿಗೆ ಹಿಡಿಯೋದು ಅಷ್ಟೇನಾ?

ಸ್ಥೂಲವಾಗಿ ಹೌದು. ಆದರೆ ಯಾವುದನ್ನು ಒತ್ತಿದರೆ ಯಾವುದು ಎಷ್ಟು ಹಿಡಿಯುತ್ತದೆ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ.

ಸಿಬಿಆರ್250ಆರ್ ಸಿ-ಎಬಿಎಸ್ ಸರಳ. ಕೈ ಲಿವರ್ ಹಿಡಿದರೆ ಮುಂದಿನ ಬ್ರೇಕ್ ಮಾತ್ರ. ಕಾಲಿನ ಪೆಡಲ್ ಒತ್ತಿದರೆ ಹಿಂದಿನದರ ಜೊತೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಅದಕ್ಕೇ ಮುಂದಿನ ಕ್ಯಾಲಿಪರಿನಲ್ಲಿ (ಪ್ಯಾಡುಗಳನ್ನು ಡಿಸ್ಕಿಗೆ ಅದುಮುವ ಭಾಗ) ಮೂರು ಪಿಸ್ಟನ್ ಇರೋದು. ಆಚೆ ಈಚೆ ಇರುವ ಎರಡು ಪಿಸ್ಟನ್ ಕೈಗೆ, ನಡುವಿನ ಒಂದು ಕಾಲಿಗೆ.

1998ರ ವಿಎಫ್‌ಆರ್800, ಅದಕ್ಕೂ ಮೊದಲು ಬಂದ ಸಿಬಿಆರ್1100ಎಕ್ಸ್‌ಎಕ್ಸ್, ಇವುಗಳಲ್ಲಿ ಲಿಂಕ್ ಎರಡೂ ಕಡೆಯಿಂದ ಇದೆ. ಪೆಡಲ್ ಒತ್ತಿದರೆ ಮುಂದಿನ ಕ್ಯಾಲಿಪರುಗಳ ನಡುವಿನ ಪಿಸ್ಟನ್ನೂ ಕೆಲಸ ಮಾಡುತ್ತದೆ. ಲಿವರ್ ಹಿಡಿದರೆ ಹಿಂದಿನ ಬ್ರೇಕೂ ಹಿಡಿಯುತ್ತದೆ. ಈ ಎರಡನೆಯದನ್ನು ಮಾಡಿರುವ ರೀತಿ ಚೆನ್ನಾಗಿದೆ. ಮುಂದಿನ ಎಡ ಕ್ಯಾಲಿಪರನ್ನು ಪೂರ್ತಿ ಬಿಗಿ ಮಾಡದೆ ಒಂದು ಕೀಲಿನ ಮೇಲೆ ಕೂರಿಸಿದ್ದಾರೆ. ಬ್ರೇಕ್ ಹಿಡಿದಾಗ ತಿರುಗುತ್ತಿರುವ ಡಿಸ್ಕ್ ಆ ಕ್ಯಾಲಿಪರನ್ನು ತನ್ನ ಜೊತೆ ಕೊಂಚ ಎಳೆದುಕೊಳ್ಳುತ್ತದೆ. ಆ ಎಳೆತ ಪಕ್ಕದಲ್ಲೇ ಇರುವ ಪುಟ್ಟ ಎರಡನೇ ಮಾಸ್ಟರ್ ಸಿಲಿಂಡರನ್ನು (ಬ್ರೇಕ್ ಆಯಿಲಿಗೆ ಒತ್ತಡ ಕೊಡುವ ಪಂಪ್) ಒತ್ತುತ್ತದೆ. ಅಲ್ಲಿ ಹುಟ್ಟಿದ ಒತ್ತಡ ಒಂದು ವಾಲ್ವ್ ದಾಟಿ ಹಿಂದಿನ ಕ್ಯಾಲಿಪರಿಗೆ ಹೋಗುತ್ತದೆ. ಜೋರಾಗಿ ಬ್ರೇಕ್ ಹಿಡಿದಷ್ಟೂ ಗಾಡಿಯ ಭಾರ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರ ಆಗುತ್ತದಲ್ವಾ, ಆಗ ಹಿಂದಿನ ಒತ್ತಡ ಮಿತಿ ಮೀರದಂತೆ ತಡೆಯೋದು ಈ ವಾಲ್ವಿನ ಕೆಲಸ. ಪೆಡಲ್ ಕಡೆಯಲ್ಲಿ ಇನ್ನೊಂದು ವಾಲ್ವ್ ಇದೆ. ಪೆಡಲನ್ನು ಮೆಲ್ಲಗೆ ಒತ್ತಿದ ಕೂಡಲೇ ಮುಂದಿನ ಫೋರ್ಕ್ ಕುಸಿಯಬಾರದು ಅಂತ ಅದು ಮುಂದಕ್ಕೆ ಹೋಗುವ ಒತ್ತಡವನ್ನು ಸ್ವಲ್ಪ ತಡ ಮಾಡುತ್ತದೆ.

ಬೇರೆ ಕಂಪನಿಗಳ ಲೆಕ್ಕ ಬೇರೆ. 2006ರಿಂದ ಯಮಹಾ ಎಫ್‌ಜೆಆರ್1300ರಲ್ಲಿ ಪೆಡಲ್ ಒತ್ತಿದರೆ ಮುಂದಿನ ಬಲ ಕ್ಯಾಲಿಪರಿನ ಒಂದು ಜೊತೆ ಪಿಸ್ಟನ್ನೂ ಒತ್ತುತ್ತದೆ. ಬಿಎಂಡಬ್ಲ್ಯೂ ಕೆ1600ರಲ್ಲಿ ಇದು ತಿರುಗಾಮುರುಗಾ. ಕೈ ಲಿವರ್ ಎರಡೂ ಚಕ್ರಕ್ಕೆ, ಪೆಡಲ್ ಹಿಂದಕ್ಕೆ ಮಾತ್ರ. ಮೋಟೊ ಗುಝಿ 1975ರಲ್ಲೇ 850 ಟಿ3 ಮಾಡೆಲ್‌ನಲ್ಲಿ ಪೆಡಲಿಗೆ ಹಿಂದಿನ ಡಿಸ್ಕ್ ಜೊತೆ ಮುಂದಿನ ಒಂದು ಡಿಸ್ಕ್ ಸೇರಿಸಿತ್ತು. ಅಂದ್ರೆ ಇದೇನು ನಿನ್ನೆ ಮೊನ್ನೆ ಬಂದಿದ್ದಲ್ಲ.

ನಮ್ಮನೆ ಸ್ಕೂಟರಿನಲ್ಲೂ ಸಿಬಿಎಸ್ (ಕಂಬೈನ್ಡ್ ಬ್ರೇಕಿಂಗ್ ಸಿಸ್ಟಂ) ಇದೆ. ಅದೂ ಇದೂ ಒಂದೇನಾ?

ಉದ್ದೇಶ ಒಂದೇ, ಕಟ್ಟಿರುವ ರೀತಿ ಬೇರೆ. ಡ್ರಮ್ ಬ್ರೇಕಿನ ಸ್ಕೂಟರಿನಲ್ಲಿ ಎಡ ಲಿವರ್ ಹಿಡಿದರೆ ಎರಡು ಕೇಬಲ್ ಎಳೆಯುತ್ತವೆ, ನಡುವೆ ಎಳೆತವನ್ನು ಎರಡಕ್ಕೂ ಹಂಚುವ ಒಂದು ಈಕ್ವಲೈಸರ್ ಇರುತ್ತದೆ. ಆಯಿಲ್ ಇಲ್ಲ, ವಾಲ್ವ್ ಇಲ್ಲ. ಕೇಬಲ್ ಅಡ್ಜಸ್ಟ್ ಮಾಡಿಸಿದರೆ ಮುಗಿಯಿತು. 2019ರ ಏಪ್ರಿಲ್ 1ರಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಸಿಬಿಎಸ್ ಅಥವಾ ಎಬಿಎಸ್, ಅದಕ್ಕಿಂತ ದೊಡ್ಡವಕ್ಕೆ ಎಬಿಎಸ್ ಕಡ್ಡಾಯ ಆಗಿರೋದರಿಂದ ಈ ಹೆಸರು ಎಲ್ಲರ ಬಾಯಲ್ಲೂ ಇದೆ.

ಲಿವರ್ ಸ್ಪಂಜಿನ ಹಾಗೆ ಮೆತ್ತಗಿದೆ. ಲಿಂಕ್ಡ್ ಬ್ರೇಕ್ ಅಂದ್ರೆ ಇಷ್ಟೇನಾ?

ಈ ಪ್ರಶ್ನೆ ದಿನಾ ಬರುತ್ತದೆ. ಉತ್ತರ: ಅಲ್ಲ. ಹೊಸ ಗಾಡಿಯಲ್ಲಿ ಹೀಗಿರೋದಿಲ್ಲ.

ಲಿಂಕ್ಡ್ ಸಿಸ್ಟಂನಲ್ಲಿ ಹೋಸ್ ಪೈಪುಗಳು ಜಾಸ್ತಿ, ಜಾಯಿಂಟುಗಳು ಜಾಸ್ತಿ, ಗಾಳಿ ಸೇರಿಕೊಂಡು ಕೂರುವ ಮೂಲೆಗಳೂ ಜಾಸ್ತಿ. ಹತ್ತು ಹದಿನೈದು ವರ್ಷದ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುತ್ತದೆ. ನೀವು ಲಿವರ್ ಹಿಡಿದ ಬಲದಲ್ಲಿ ಒಂದಿಷ್ಟು ಪೈಪ್ ಉಬ್ಬಿಸೋದಕ್ಕೇ ಖರ್ಚಾಗುತ್ತದೆ. ಹಳೇ ಆಯಿಲಿನಲ್ಲಿ ನೀರಿನಂಶ ಸೇರಿರುತ್ತದೆ. ಬ್ರೇಕ್ ಬಿಸಿಯಾದಾಗ ಆ ನೀರು ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಆಯಿಲನ್ನು ಹಿಂಡಿ ಕುಗ್ಗಿಸಲು ಆಗೋದಿಲ್ಲ, ಆವಿಯನ್ನು ಕುಗ್ಗಿಸಬಹುದು. ಹಾಗಾಗಿ ಲಿವರ್ ಒಳಗೆ ಹೋಗುತ್ತದೆ, ಬ್ರೇಕ್ ಹಿಡಿಯೋದಿಲ್ಲ.

ಸಿಬಿಆರ್250ಆರ್‌ನಲ್ಲಿ ಇನ್ನೊಂದು ತೊಂದರೆ ಸಾಮಾನ್ಯ. ಕೆಲವರು ಕಾಲು ಬ್ರೇಕ್ ಮುಟ್ಟೋದೇ ಇಲ್ಲ. ಮುಂದಿನ ಕ್ಯಾಲಿಪರಿನ ನಡುವಿನ ಪಿಸ್ಟನ್ ಅಲ್ಲಾಡೋದು ಪೆಡಲ್ ಒತ್ತಿದಾಗ ಮಾತ್ರ. ಅದು ವರ್ಷಗಟ್ಟಲೆ ಸುಮ್ನೆ ಕೂತು, ಧೂಳು ಹಿಡಿದು, ಜಾಮ್ ಆಗುತ್ತದೆ. ಆಮೇಲೆ ಪ್ಯಾಡ್ ಸಮನಾಗಿ ಸವೆಯೋದಿಲ್ಲ. ಭೀಮಸಮುದ್ರದ ಕಡೆ ಅದಿರು ಲಾರಿಗಳ ಹಿಂದೆ ದಿನಾ ಓಡಾಡುವ ಗಾಡಿಯಾದರೆ ಕ್ಯಾಲಿಪರ್ ಬಿಚ್ಚಿದಾಗ ಪಿಸ್ಟನ್ ಸುತ್ತ ಕೆಂಪು ಹಿಟ್ಟೇ ಕೂತಿರುತ್ತದೆ.

ಹಾಗಾದ್ರೆ ಮೊದಲು ಏನು ಮಾಡಿಸಬೇಕು?

ಕ್ಯಾಲಿಪರ್ ಕ್ಲೀನಿಂಗ್, ಹೊಸ ಆಯಿಲ್, ಸರಿಯಾದ ಬ್ಲೀಡಿಂಗ್ (ಪೈಪಿನೊಳಗಿನ ಗಾಳಿ ತೆಗೆಯೋದು). ಇಷ್ಟು ಮಾಡಿಸಿ ಒಂದು ವಾರ ಓಡಿಸಿ. ಪಾರ್ಟ್ಸ್ ಆರ್ಡರ್ ಮಾಡೋದು ಆಮೇಲೆ.

ಕ್ಲೀನಿಂಗ್ ಅಂದ್ರೆ ಮೇಲಿಂದ ನೀರು ಹೊಡೆಯೋದಲ್ಲ. ಪ್ಯಾಡ್ ತೆಗೆದು, ಪಿಸ್ಟನ್ನುಗಳನ್ನು ಸ್ವಲ್ಪ ಹೊರಗೆ ಬರುವಂತೆ ಮಾಡಿ, ಬ್ರೇಕ್ ಕ್ಲೀನರ್ ಮತ್ತು ಹಳೇ ಟೂತ್‌ಬ್ರಷ್ ಹಿಡಿದು ಸುತ್ತಲೂ ಉಜ್ಜಬೇಕು. ಹಾಗೇ ಒಳಕ್ಕೆ ತಳ್ಳಿದರೆ ಆ ಕೊಳೆ ಸೀಲ್ ಮೇಲೆ ಗೀರು ಹಾಕುತ್ತದೆ. ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್ ಯಾವುದನ್ನೂ ಹತ್ತಿರ ತರಬೇಡಿ. ಬ್ರೇಕಿನ ರಬ್ಬರ್ ಸೀಲ್ ಅದಕ್ಕೆ ಊದಿಕೊಳ್ಳುತ್ತದೆ. ಊದಿಕೊಂಡ ಸೀಲ್ ಪಿಸ್ಟನ್ನನ್ನು ವಾಪಸ್ ಬಿಡೋದಿಲ್ಲ. ಅಂಥ ಕ್ಯಾಲಿಪರನ್ನು ಪೂರ್ತಿ ಬಿಚ್ಚಿ ಹೊಸ ಸೀಲ್ ಹಾಕದೆ ಬೇರೆ ದಾರಿ ಇಲ್ಲ.

ಎರಡನೇ ಮಾಸ್ಟರ್ ಸಿಲಿಂಡರ್ ಸರಿಯಿದೆಯಾ ಅಂತ ಮನೆಯಲ್ಲೇ ನೋಡಬಹುದಾ?

ವಿಎಫ್‌ಆರ್800, ಎಸ್‌ಟಿ1300 ತರಹದ ಗಾಡಿ ಇಟ್ಟುಕೊಂಡವರು ಇದನ್ನು ಕಲಿತಿರಲೇಬೇಕು. ಸ್ಪ್ಯಾನರ್ ಕೂಡ ಬೇಡ.

ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ. ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ ನೋಡಿ, ಸರಾಗವಾಗಿ ತಿರುಗಬೇಕು. ಈಗ ಒಬ್ಬರು ಮುಂದೆ ಕೂತು, ಎಡ ಕ್ಯಾಲಿಪರನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆ, ಅಂದರೆ ಗಾಡಿ ಮುಂದೆ ಹೋಗುವಾಗ ಡಿಸ್ಕ್ ಅದನ್ನು ಎಳೆಯುವ ದಿಕ್ಕಿಗೆ, ಜೋರಾಗಿ ಒತ್ತಿ ಹಿಡಿಯಬೇಕು. ಕೊಂಚವೇ ಜರುಗುತ್ತದೆ. ಒತ್ತಿ ಹಿಡಿದಿರುವಾಗಲೇ ಇನ್ನೊಬ್ಬರು ಹಿಂದಿನ ಚಕ್ರ ತಿರುಗಿಸಿ ನೋಡಲಿ. ಚಕ್ರ ಹಿಡಿದುಕೊಂಡಿರಬೇಕು. ಕೈ ಬಿಟ್ಟ ತಕ್ಷಣ ಮತ್ತೆ ಸರಾಗವಾಗಿ ತಿರುಗಬೇಕು.

ಒತ್ತಿದಾಗ ಚಕ್ರ ಹಿಡಿಯದಿದ್ದರೆ ಗಾಳಿ ಇದೆ, ಇಲ್ಲವೇ ಸಿಲಿಂಡರ್ ಹೋಗಿದೆ. ಕ್ಯಾಲಿಪರ್ ಜರುಗದೇ ಇದ್ದರೆ ಕೀಲಿನ ಬೇರಿಂಗ್ ಒಣಗಿ ತುಕ್ಕು ಹಿಡಿದಿದೆ, ಬಿಚ್ಚಿ ಗ್ರೀಸ್ ಹಾಕಬೇಕು. ನಿಜವಾಗಿ ಭಯಪಡಬೇಕಾದ್ದು ಮೂರನೆಯದಕ್ಕೆ. ಕೈ ಬಿಟ್ಟ ಮೇಲೂ ಚಕ್ರ ಬಿಗಿಯಾಗೇ ಇದ್ದರೆ ಆ ಗಾಡಿಯನ್ನು ಓಡಿಸಬೇಡಿ. ಸಿಲಿಂಡರಿನ ಒಳಗೆ ಆಯಿಲ್ ವಾಪಸ್ ಹೋಗಲು ಸೂಜಿಮೊನೆಯಷ್ಟು ಸಣ್ಣ ತೂತು ಇರುತ್ತದೆ. ಹಳೇ ಆಯಿಲಿನ ಗಸಿ ಅದನ್ನು ಮುಚ್ಚಿದರೆ ಒತ್ತಡ ಒಳಗೇ ಉಳಿಯುತ್ತದೆ. ಹಿಂದಿನ ಬ್ರೇಕ್ ಗೊತ್ತಿಲ್ಲದ ಹಾಗೆ ಉಜ್ಜುತ್ತಾ ಹೋಗಿ, ಡಿಸ್ಕ್ ಕಾದು ಕೆಂಡವಾಗುತ್ತದೆ. ಹೋಂಡಾದ ಗೋಲ್ಡ್‌ವಿಂಗ್ ಜಿಎಲ್1800 ಗಾಡಿಗಳನ್ನು 2011ರಲ್ಲಿ, ಮತ್ತೆ 2014ರಲ್ಲಿ ಅಮೆರಿಕದಲ್ಲಿ ವಾಪಸ್ ಕರೆಸಿದ್ದು ಇದೇ ಕಾರಣಕ್ಕೆ. ಬ್ರೇಕ್ ಉಜ್ಜಿ ಬೆಂಕಿ ಹೊತ್ತಿಕೊಳ್ಳುವ ಅಪಾಯ ಇತ್ತು.

ಸಿಬಿಆರ್250ಆರ್‌ನಲ್ಲಿ ಈ ಎರಡನೇ ಸಿಲಿಂಡರ್ ಇಲ್ಲ. ಅದರ ಕ್ಯಾಲಿಪರ್ ಒತ್ತಿ ಪರೀಕ್ಷೆ ಮಾಡಲು ಹೋಗಬೇಡಿ. ಸೆಂಟರ್ ಸ್ಟ್ಯಾಂಡೂ ಇಲ್ಲ, ಬಿದ್ದೀತು.

ಬ್ರೇಕ್ ಆಯಿಲ್ ಯಾವುದು ಹಾಕಬೇಕು? ಡಾಟ್ 5.1 ಹಾಕಿಸಿದರೆ ಅಪ್‌ಗ್ರೇಡ್ ಆಗುತ್ತಾ?

ಹೋಂಡಾಗಳಿಗೆ ಡಾಟ್ 4 ಸಾಕು. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರಿನಂಶ ಸೇರಿದ ಮೇಲೆ ಕನಿಷ್ಠ 155 ಡಿಗ್ರಿ. ಡಾಟ್ 5.1ಕ್ಕೆ ಇದು 260 ಮತ್ತು 180. ಡಾಟ್ 4 ಜೊತೆ 5.1 ಬೆರೆತರೂ ತೊಂದರೆ ಇಲ್ಲ. ಆದರೆ ಬರೀ ಡಾಟ್ 5 ಅಂತ ಬರೆದಿದ್ದರೆ ಅದು ಸಿಲಿಕೋನ್ ಆಯಿಲ್, ಹಾಕಲೇಬಾರದು. ಎಬಿಎಸ್ ಗಾಡಿಗಂತೂ ಬೇಡವೇ ಬೇಡ.

ಗ್ರೇಡಿಗಿಂತ ವಯಸ್ಸು ಮುಖ್ಯ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿದ ಡಾಟ್ 4, ಆರು ವರ್ಷ ಕೂತ 5.1ಕ್ಕಿಂತ ಎಷ್ಟೋ ವಾಸಿ. ಅಂಗಡಿಯಲ್ಲಿ ಅರ್ಧ ಬಳಸಿಟ್ಟ ಡಬ್ಬಿಯಿಂದ ಹಾಕಿಸಿಕೊಳ್ಳಬೇಡಿ. ಸೀಲ್ ಇರುವ ಸಣ್ಣ ಡಬ್ಬಿ ನಿಮ್ಮ ಮುಂದೆ ಒಡೆಯಲಿ. ಪೇಂಟ್ ಮೇಲೆ ಬಿದ್ದರೆ ಒರೆಸೋದಲ್ಲ, ತಕ್ಷಣ ನೀರು ಹುಯ್ಯಬೇಕು. ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ.

ಏರ್ ತೆಗೆಸಿದರೂ ಮತ್ತೆ ಮೆತ್ತಗೇ ಇದೆ, ಯಾಕೆ?

ಮಾಮೂಲಿ ಗಾಡಿಯ ಲೆಕ್ಕದಲ್ಲೇ ತೆಗೆದಿರುತ್ತಾರೆ. ಮುಂದೆ ಒಂದು ನಿಪ್ಪಲ್ (ಗಾಳಿ ಹೊರಬಿಡಲು ಸಡಿಲಿಸುವ ಸ್ಕ್ರೂ), ಹಿಂದೆ ಒಂದು ನಿಪ್ಪಲ್, ಆಯ್ತು ತಗೊಂಡು ಹೋಗಿ ಅಂತಾರೆ. ಸಿಬಿಆರ್250ಆರ್ ಸಿ-ಎಬಿಎಸ್ ಮುಂದಿನ ಕ್ಯಾಲಿಪರಿನಲ್ಲೇ ಎರಡು ದಾರಿ ಇದೆ. ಒಂದು ಕೈ ಲಿವರಿನದು, ಇನ್ನೊಂದು ಪೆಡಲಿನದು. ಪೆಡಲ್ ಲೈನಿನ ಏರ್ ತೆಗೆಯಲು ಮುಂದಿನ ಚಕ್ರದ ಹತ್ತಿರ ನಿಪ್ಪಲ್ ಬಿಚ್ಚಿ, ಹಿಂದಿನ ಪೆಡಲ್ ಒತ್ತಬೇಕು. ಇದು ಗೊತ್ತಿಲ್ಲದವರು ಆ ಲೈನನ್ನು ಮುಟ್ಟೋದೇ ಇಲ್ಲ. ಹೊಸ ಗಾಡಿಯ ಜೊತೆ ಬಂದ ಆಯಿಲೇ ಅಲ್ಲಿ ಕಾಫಿ ಬಣ್ಣಕ್ಕೆ ತಿರುಗಿ ಕೂತಿರುತ್ತದೆ.

ವಿಎಫ್‌ಆರ್800 ಇನ್ನೂ ತಲೆನೋವು. ಕ್ಯಾಲಿಪರಿಗೆ ಎರಡೆರಡು ನಿಪ್ಪಲ್, ನಡುವೆ ವಾಲ್ವುಗಳು, ಮೇಲೆ ಕೆಳಗೆ ಸುತ್ತುವ ಪೈಪುಗಳು. ಯಾವುದು ಮೊದಲು ಯಾವುದು ಆಮೇಲೆ ಅನ್ನೋದು ಆಯಾ ಮಾಡೆಲಿನ ಸರ್ವಿಸ್ ಮ್ಯಾನುಯಲ್‌ನಲ್ಲಿದೆ. ಆ ಕ್ರಮ ಬಿಟ್ಟು ಮಾಡಿದರೆ ಒಂದು ಡಬ್ಬಿ ಆಯಿಲ್ ಖಾಲಿಯಾದರೂ ಗಾಳಿ ಅಲ್ಲೇ ಇರುತ್ತದೆ. ಎಡ ಕ್ಯಾಲಿಪರನ್ನು ಫೋರ್ಕಿನಿಂದ ಬಿಚ್ಚಿ, ನಿಪ್ಪಲ್ ಎಲ್ಲಕ್ಕಿಂತ ಮೇಲೆ ಬರುವಂತೆ ಓರೆಯಾಗಿ ಹಿಡಿದು, ಪ್ಯಾಡುಗಳ ನಡುವೆ ಮರದ ತುಂಡು ಇಟ್ಟು ಬ್ಲೀಡ್ ಮಾಡಿದರೆ ಬಾರದ ಗುಳ್ಳೆಯೂ ಬರುತ್ತದೆ. ಪೈಪಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟುತ್ತಿರಿ. ಅರ್ಧ ದಿನದ ಕೆಲಸ ಇದು. ಅವಸರ ಇರುವ ದಿನ ಬರಬೇಡಿ.

ಸ್ಟೀಲ್ ಬ್ರೇಡೆಡ್ ಹೋಸ್ ಹಾಕಿಸಿದರೆ ವ್ಯತ್ಯಾಸ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ದುಡ್ಡು ಹಾಕಿ ಮಾಡಿಸುವ ಅಪ್‌ಗ್ರೇಡುಗಳಲ್ಲಿ ನಾನು ಮೊದಲು ಹೇಳೋದು ಇದನ್ನೇ. ಒಳಗೆ ಟೆಫ್ಲಾನ್ ಕೊಳವೆ, ಮೇಲೆ ಸ್ಟೀಲ್ ಹೆಣಿಗೆ ಇರೋದರಿಂದ ಇವು ಉಬ್ಬೋದಿಲ್ಲ. ಲಿವರ್ ಗಟ್ಟಿಯಾಗಿ, ಎಷ್ಟು ಒತ್ತಿದರೆ ಎಷ್ಟು ಹಿಡಿಯುತ್ತದೆ ಅನ್ನೋದು ಬೆರಳಿಗೆ ತಿಳಿಯುತ್ತದೆ. ನಿಲ್ಲುವ ದೂರ ಅರ್ಧಕ್ಕೆ ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಟೈರಿನ ಹಿಡಿತ ಎಷ್ಟಿದೆಯೋ ಅಷ್ಟೇ.

ಲಿಂಕ್ಡ್ ಗಾಡಿಗೆ ಪೂರ್ತಿ ಸೆಟ್ ತಗೊಳ್ಳಬೇಕು, ಅದಕ್ಕೇ ಬೆಲೆ ಜಾಸ್ತಿ. ಮುಂದಿನ ಎರಡು ಪೈಪ್ ಮಾತ್ರ ಬದಲಾಯಿಸಿ, ಪೆಡಲ್ ಲೈನಿನ ಉದ್ದನೆಯ ರಬ್ಬರ್ ಪೈಪುಗಳನ್ನು ಹಾಗೇ ಬಿಟ್ಟರೆ ಕೈ ಗಟ್ಟಿ, ಕಾಲು ಮೆತ್ತಗೆ. ಅಳತೆ ಕೊಟ್ಟು ಮಾಡಿಸುವಾಗ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಫೋರ್ಕ್ ಪೂರ್ತಿ ಎದ್ದಾಗ ಬೇಕಾದ ಉದ್ದ ನೋಡಿ. ಪೈಪಿನ ತುದಿಯನ್ನು ಬಿಗಿಯುವ ಬ್ಯಾಂಜೊ ಬೋಲ್ಟಿನಲ್ಲಿ ಪೈಪ್ ತುದಿಯ ಎರಡೂ ಕಡೆ ಹೊಸ ವಾಷರ್ ಹಾಕಲೇಬೇಕು. ಹೋಂಡಾದಲ್ಲಿ ಆ ಬೋಲ್ಟಿಗೆ ಸಾಮಾನ್ಯವಾಗಿ 34 ನ್ಯೂಟನ್ ಮೀಟರ್ ಟಾರ್ಕ್. ಟಾರ್ಕ್ ರೆಂಚ್ ಇಲ್ಲದೆ "ಇನ್ನೊಂದು ಸುತ್ತು ಇರಲಿ" ಅಂತ ತಿರುಗಿಸುವವರ ಕೈಗೆ ಕೊಡಬೇಡಿ. ಸ್ಟೀಲ್ ಪೈಪ್ ಫೇರಿಂಗಿಗೋ ಟ್ಯಾಂಕಿಗೋ ತಾಗಿದರೆ ಅರದ ಹಾಗೆ ಕೊರೆಯುತ್ತದೆ. ತಾಗುವ ಕಡೆ ಪೈಪಿನ ಮೇಲೆ ಹೊದಿಕೆ (ಸ್ಲೀವ್) ಹಾಕಿಸಿ.

ಒಳ್ಳೇ ಪ್ಯಾಡ್ ಯಾವುದು?

ಟೂರಿಂಗಿಗೆ ಸಿಂಟರ್ಡ್, ಅಂದ್ರೆ ಲೋಹದ ಪುಡಿಯಿಂದ ಮಾಡಿದ್ದು. ಮಳೆಯಲ್ಲೂ ಬಿಸಿಯಲ್ಲೂ ಹಿಡಿತ ಬಿಡೋದಿಲ್ಲ. ಊರೊಳಗೆ, ಪಿಬಿ ರಸ್ತೆ, ಅಶೋಕ ರಸ್ತೆ ಅಂತ ಓಡಾಡುವವರಿಗೆ ಆರ್ಗ್ಯಾನಿಕ್ ಸಾಕು, ಡಿಸ್ಕಿಗೂ ಮೃದು.

ಲಿಂಕ್ಡ್ ಗಾಡಿಯಲ್ಲಿ ಒಂದು ಎಚ್ಚರಿಕೆ. ಮುಂದೆ ಎಷ್ಟು, ಹಿಂದೆ ಎಷ್ಟು ಅನ್ನುವ ಪಾಲನ್ನು ಕಂಪನಿ ತನ್ನ ಪ್ಯಾಡಿನ ಮೇಲೆ ಲೆಕ್ಕ ಹಾಕಿರುತ್ತದೆ. ಹಿಂದಕ್ಕೆ ಮಾತ್ರ ಬಲವಾದ ಪ್ಯಾಡ್ ಹಾಕಿದರೆ ಆ ಪಾಲು ಕೆಡುತ್ತದೆ. ಎಬಿಎಸ್ ಇಲ್ಲದ ವಿಎಫ್‌ಆರ್‌ನಲ್ಲಿ ಲಿವರ್ ಹಿಡಿದರೂ ಹಿಂದಿನ ಚಕ್ರ ಜಾರುವ ಸಾಧ್ಯತೆ ಇದೆ. ಮುಂದೆ ಹಿಂದೆ ಒಂದೇ ಜಾತಿಯ ಪ್ಯಾಡ್ ಹಾಕಿ.

ಹಿಂದಿನ ಪ್ಯಾಡ್ ಇಷ್ಟು ಬೇಗ ಸವೆಯೋದು ಯಾಕೆ? ನಾನು ಕಾಲು ಬ್ರೇಕ್ ಬಳಸೋದೇ ಕಮ್ಮಿ.

ಎರಡೂ ಕಡೆ ಲಿಂಕ್ ಇರುವ ಗಾಡಿಯಲ್ಲಿ ನೀವು ಕೈ ಬ್ರೇಕ್ ಹಿಡಿದಾಗಲೆಲ್ಲ ಅದೂ ಸವೆಯುತ್ತದೆ. ಸಹಜ. ಆದರೆ ನಿಲ್ಲಿಸಿದ ಮೇಲೆ ಹಿಂದಿನ ಡಿಸ್ಕ್ ಮುಂದಿನದಕ್ಕಿಂತ ಬಿಸಿ ಇದ್ದರೆ ಮೇಲೆ ಹೇಳಿದ ಸಿಲಿಂಡರ್ ಪರೀಕ್ಷೆ ಮಾಡಿ. ಬರಿಗೈಯಲ್ಲಿ ಮುಟ್ಟಬೇಡಿ, ಒಂದೆರಡು ಹನಿ ನೀರು ಹಾಕಿ ನೋಡಿ.

ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿದರೆ ಬ್ರೇಕ್ ಬಲ ಆಗುತ್ತಾ?

ಬಹಳ ಜನಕ್ಕೆ ಇದು ತಲೆಕೆಳಗಾಗಿ ಹೊಳೆದಿರುತ್ತದೆ. 14 ಮಿಮೀ ಸಿಲಿಂಡರ್ ತೆಗೆದು 16 ಮಿಮೀ ಹಾಕಿದರೆ ಪಿಸ್ಟನ್ನಿನ ಮುಖದ ವಿಸ್ತೀರ್ಣ ಸುಮಾರು ಶೇ 30 ಜಾಸ್ತಿ ಆಗುತ್ತದೆ. ಅಷ್ಟೇ ಬಲದಲ್ಲಿ ಹಿಡಿದರೆ ಒತ್ತಡ ಸುಮಾರು ಶೇ 23 ಕಮ್ಮಿ. ಲಿವರ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಗಾಡಿ ನಿಲ್ಲಿಸಲು ಕೈ ನೋಯುತ್ತದೆ. ಗಟ್ಟಿ ಲಿವರ್ ಅಂದ್ರೆ ಬಲವಾದ ಬ್ರೇಕ್ ಅಲ್ಲ. ಕ್ಯಾಲಿಪರ್ ಬದಲಾಯಿಸದೆ ಮಾಸ್ಟರ್ ಸಿಲಿಂಡರ್ ಮುಟ್ಟಬೇಡಿ.

ಡಿಸ್ಕ್ ವಿಷಯವೂ ಹಾಗೇ. ಸಿಬಿಆರ್250ಆರ್ ಮುಂದಿನ 296 ಮಿಮೀ ಡಿಸ್ಕ್ ಆ ಗಾಡಿಗೆ ಧಾರಾಳ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ಸವೆದಿದ್ದರೆ ಹೊಸದು ಹಾಕಿ. ಲೇಥಿಗೆ ಕೊಟ್ಟು ತೆಳ್ಳಗೆ ಮಾಡಿಸಬೇಡಿ.

ಇಷ್ಟೆಲ್ಲ ಯಾಕೆ, ಲಿಂಕ್ ಕಿತ್ತು ಹಾಕಿ ಮಾಮೂಲಿ ಬ್ರೇಕ್ ಮಾಡಿಕೊಡಿ ಅಂದ್ರೆ?

ಆಗುತ್ತದೆ. ಆದರೆ ಒಂದು ಪೈಪ್ ಬಿಚ್ಚಿ ಬೋಲ್ಟ್ ಹೊಡೆದರೆ ಮುಗಿಯುವ ಕೆಲಸ ಅಲ್ಲ. ವಿಎಫ್‌ಆರ್800 ಉದಾಹರಣೆಗೆ ತಗೊಳ್ಳಿ. ಎರಡನೇ ಸಿಲಿಂಡರ್ ತೆಗೆದರೆ ಹಿಂದಿನ ಕ್ಯಾಲಿಪರಿನ ಹೊರಗಿನ ಎರಡು ಪಿಸ್ಟನ್ನಿಗೆ ಆಯಿಲ್ ಕೊಡುವವರೇ ಇಲ್ಲ. ಹಿಂದಿನ ಬ್ರೇಕ್ ಇದ್ದೂ ಇಲ್ಲದ ಹಾಗೆ. ಮುಂದಿನ ನಡುವಿನ ಪಿಸ್ಟನ್ನುಗಳನ್ನು ಬಿಟ್ಟುಬಿಟ್ಟರೆ ಮೂರರಲ್ಲಿ ಎರಡೇ ಕೆಲಸ ಮಾಡುತ್ತವೆ. ಮೂರನ್ನೂ ಲಿವರಿಗೆ ಸೇರಿಸಿದರೆ ಮಾಸ್ಟರ್ ಸಿಲಿಂಡರ್ ಹೆಚ್ಚು ಆಯಿಲ್ ತಳ್ಳಬೇಕು, ಆಗ ಅದರ ಸೈಜೂ ಬದಲಾಗಬೇಕು. ಎಡ ಕ್ಯಾಲಿಪರ್ ಕೂರುವ ಫೋರ್ಕಿನ ಕೆಳಭಾಗ ಕೀಲಿಗಾಗಿಯೇ ಮಾಡಿದ್ದು. ಅಲ್ಲಿ ಬೇರೆ ಕ್ಯಾಲಿಪರ್ ಬಿಗಿಯಾಗಿ ಕೂರಿಸಬೇಕು ಅಂದ್ರೆ ಫೋರ್ಕಿನ ಕಾಲೇ ಬದಲಾಯಿಸಬೇಕು.

ಹಾಗಾಗಿ ಸರಿಯಾಗಿ ಮಾಡಿದರೆ ಪಟ್ಟಿ ಹೀಗೆ ಬೆಳೆಯುತ್ತದೆ: ಬೇರೆ ಮಾಡೆಲಿನ ಫೋರ್ಕ್ ಕಾಲು, ಎರಡು ಮಾಮೂಲಿ ಕ್ಯಾಲಿಪರ್, ಹೊಂದುವ ಮಾಸ್ಟರ್ ಸಿಲಿಂಡರ್, ಹೊಸ ಪೈಪುಗಳು, ಹಿಂದಕ್ಕೆ ಪೆಡಲಿನಿಂದ ನೇರ ಲೈನ್. ಎರಡೂ ವಾಲ್ವ್ ಹೊರಗೆ. ಟ್ರ್ಯಾಕಿನಲ್ಲಿ ಓಡಿಸುವವರು, ಹಿಂದಿನ ಬ್ರೇಕನ್ನು ತಾವೇ ಬೇರೆಯಾಗಿ ಅಳೆದು ಹಾಕಬೇಕು ಅನ್ನುವವರು ಮಾಡಿಸಿಕೊಳ್ಳಲಿ. ಹೆಂಡತಿ ಮಕ್ಕಳು, ಎರಡು ಪ್ಯಾನಿಯರ್ (ಪಕ್ಕದ ಪೆಟ್ಟಿಗೆ) ತುಂಬ ಸಾಮಾನು ಹಾಕಿಕೊಂಡು ಗೋಕರ್ಣಕ್ಕೆ ಹೋಗುವವರಿಗೆ ಲಿಂಕ್ ಇರೋದೇ ಒಳ್ಳೆಯದು. ಹಿಂದೆ ಭಾರ ಇದ್ದಾಗ ಹಿಂದಿನ ಚಕ್ರವೂ ಚೆನ್ನಾಗಿ ನಿಲ್ಲಿಸಬಲ್ಲದು. ಗಾಬರಿಯಲ್ಲಿ ಅದನ್ನು ಬಳಸೋದನ್ನು ಸವಾರ ಮರೆತರೂ ಸಿಸ್ಟಂ ಮರೆಯೋದಿಲ್ಲ.

ಎಬಿಎಸ್ ಇರುವ ಗಾಡಿಯಲ್ಲೂ ಕಿತ್ತು ಹಾಕಬಹುದಾ?

ನಾವು ಮಾಡಿಕೊಡೋದಿಲ್ಲ. ಸಿಬಿಆರ್250ಆರ್‌ನಲ್ಲಿ ಲಿಂಕಿನ ಲೈನೂ ಎಬಿಎಸ್ ಮಾಡ್ಯುಲೇಟರ್ (ಬ್ರೇಕ್ ಒತ್ತಡ ಏರಿಳಿಸುವ ಘಟಕ) ಮೂಲಕವೇ ಹೋಗುತ್ತದೆ. ಎಷ್ಟು ಆಯಿಲ್, ಯಾವ ಒತ್ತಡ ಅನ್ನೋದನ್ನು ಅದು ತನ್ನ ಲೆಕ್ಕದಲ್ಲಿ ಇಟ್ಟುಕೊಂಡಿರುತ್ತದೆ. ಒಂದು ದಾರಿ ಮುಚ್ಚಿದರೆ ಮೀಟರಿನಲ್ಲಿ ಲೈಟ್ ಬರದೇ ಇರಬಹುದು, ಆದರೆ ಬೇಕಾದ ಹೊತ್ತಿಗೆ ಅದು ಏನು ಮಾಡುತ್ತದೆ ಅಂತ ಯಾರೂ ಗ್ಯಾರಂಟಿ ಕೊಡೋದಿಲ್ಲ.

ಎಬಿಎಸ್ ಲೈಟ್ ಆರದೇ ಉಳಿದರೆ ಮೊದಲು ಚಕ್ರದ ಹತ್ತಿರದ ತೂತು ತೂತಿನ ಉಂಗುರ ನೋಡಿ. ಪಂಕ್ಚರ್ ಅಂಗಡಿಯಲ್ಲಿ ಚಕ್ರ ಮಲಗಿಸಿ ಟೈರ್ ಬಿಚ್ಚುವಾಗ ಅದು ಬಗ್ಗಿರುತ್ತದೆ. ಚಕ್ರ ಕೊಡುವಾಗಲೇ "ಆ ಕಡೆ ಕೆಳಗೆ ಹಾಕಬೇಡಿ ಅಣ್ಣಾ" ಅಂತ ಹೇಳಿಬಿಡಿ.

ಆರ್‌ಟಿಒ, ಇನ್ಶೂರೆನ್ಸ್ ತೊಂದರೆ ಏನಾದರೂ?

ಪ್ಯಾಡ್, ಆಯಿಲ್, ಒಳ್ಳೇ ಹೋಸ್ ಇವು ಮೇಂಟೆನೆನ್ಸ್. ಲಿಂಕ್ ಅಥವಾ ಎಬಿಎಸ್ ತೆಗೆಯೋದು ಬೇರೆ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋದನ್ನು ತಡೆಯುತ್ತದೆ. ಅಪಘಾತ ಆದಾಗ ಇನ್ಶೂರೆನ್ಸ್ ಸರ್ವೇಯರ್ ಮೊದಲು ನೋಡೋದೇ ಇಂಥದ್ದನ್ನು.

ರಸ್ತೆ ಮೇಲೆ ಮೆಕ್ಕೆಜೋಳ ಹರಡಿರುತ್ತಾರೆ. ಅಲ್ಲಿ ಲಿಂಕ್ಡ್ ಬ್ರೇಕ್ ಕೈ ಕೊಡುತ್ತಾ?

ನಮ್ಮ ಜಿಲ್ಲೆಯಲ್ಲಿ ಗಾಡಿ ಓಡಿಸುವವರು ಕೇಳಲೇಬೇಕಾದ ಪ್ರಶ್ನೆ. ಸುಗ್ಗಿ ಬಂತು ಅಂದ್ರೆ ಸರ್ವಿಸ್ ರಸ್ತೆ, ಹಳ್ಳಿ ರಸ್ತೆ ಎಲ್ಲ ಕಣ. ಒಂದು ಪಕ್ಕಕ್ಕೆ ಜೋಳ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಸೂಳೆಕೆರೆ ಕಡೆ ಹೋದರೆ ಭತ್ತದ ಹುಲ್ಲು, ಗದ್ದೆಯಿಂದ ಹತ್ತಿದ ಟ್ರ್ಯಾಕ್ಟರಿನ ಕೆಸರು.

ಒಣ ಕಾಳಿನ ಮೇಲೆ ಟೈರ್ ರಸ್ತೆಯನ್ನು ಮುಟ್ಟೋದೇ ಇಲ್ಲ, ಕಾಳಿನ ಮೇಲೆ ಉರುಳುತ್ತದೆ. ಅಲ್ಲಿ ಯಾವ ಬ್ರೇಕೂ ಪವಾಡ ಮಾಡೋದಿಲ್ಲ. ಎಬಿಎಸ್ ಇದ್ದರೆ ಚಕ್ರ ಲಾಕ್ ಆಗದಂತೆ ತಡೆದು ಗಾಡಿಯನ್ನು ನೆಟ್ಟಗೆ ಇಡುತ್ತದೆ, ಆದರೆ ನಿಲ್ಲಲು ದೂರ ಬೇಕು. ಎಬಿಎಸ್ ಇಲ್ಲದ ಲಿಂಕ್ಡ್ ಗಾಡಿಯಲ್ಲಿ ಒಂದು ವಿಷಯ ನೆನಪಿರಲಿ. ಮಣ್ಣಿನಲ್ಲಿ, ಕಾಳಿನ ಮೇಲೆ ಹಿಂದಿನ ಬ್ರೇಕ್ ಮಾತ್ರ ಹಿಡಿಯೋಣ ಅಂತ ಪೆಡಲ್ ಜೋರಾಗಿ ತುಳಿದರೆ ಮುಂದಿನದೂ ಹಿಡಿಯುತ್ತದೆ. ಮುಂದಿನ ಚಕ್ರ ಜಾರಿದರೆ ಗಾಡಿ ಕ್ಷಣದಲ್ಲಿ ನೆಲಕ್ಕೆ. ಪೆಡಲನ್ನು ಮೆಲ್ಲಗೆ ಒತ್ತಿದಾಗ ಮುಂದಕ್ಕೆ ಹೋಗುವ ಪಾಲು ಕಡಿಮೆ. ಹಾಗಾಗಿ ಕಾಳು ಕಂಡ ಕೂಡಲೇ, ಇನ್ನೂ ಡಾಂಬರಿನ ಮೇಲಿರುವಾಗಲೇ ವೇಗ ಇಳಿಸಿ, ಕಾಳಿನ ಮೇಲೆ ಬ್ರೇಕ್ ಮುಟ್ಟದೆ ನೇರ ದಾಟಿ. 80ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ನೋಡಿ, ಯೋಚಿಸಿ, ಹಿಡಿಯುವಷ್ಟರಲ್ಲಿ ಅಷ್ಟು ದೂರ ಮುಗಿದಿರುತ್ತದೆ.

ಆಗುಂಬೆ ಘಾಟಿ ಇಳಿಯುವಾಗ ಹೇಗೆ ಬಳಸೋದು?

ಕೆಳಗಿನ ಗೇರಿನಲ್ಲಿ ಎಂಜಿನ್ ಹಿಡಿತದ ಮೇಲೆ ಇಳಿಯಿರಿ. ಬ್ರೇಕನ್ನು ತಿರುವಿಗೆ ಮುಂಚೆ ಹಿಡಿದು, ಬಿಟ್ಟು, ತಣ್ಣಗಾಗಲು ಬಿಡಿ. ಕಾಲನ್ನು ಪೆಡಲ್ ಮೇಲೆ ಇಟ್ಟುಕೊಂಡೇ ಇಳಿಯುವ ಅಭ್ಯಾಸ ಕೆಟ್ಟದ್ದು. ಲಿಂಕ್ಡ್ ಗಾಡಿಯಲ್ಲಿ ಹಾಗೆ ಮಾಡಿದರೆ ಹಿಂದಿನದರ ಜೊತೆ ಮುಂದಿನದೂ ಕಾಯುತ್ತದೆ. ಹೇರ್‌ಪಿನ್ನಿನಲ್ಲಿ ನಿಧಾನವಾಗಿ ತಿರುಗುವಾಗ ಪೆಡಲನ್ನು ಮೆಲ್ಲಗೆ ಒತ್ತಿ ಗಾಡಿ ಸಂಭಾಳಿಸಬಹುದು. ಜೋರಾಗಿ ಒತ್ತಿದರೆ ಮಾತ್ರ ಹ್ಯಾಂಡಲ್ ಎಳೆದ ಹಾಗಾಗುತ್ತದೆ.

ಹೊಸ ಪ್ಯಾಡ್ ಹಾಕಿದ ಮೇಲೆ ಬ್ರೇಕ್ ಹಿಡೀತಾನೇ ಇಲ್ಲ!

ಹೊರಡುವ ಮುಂಚೆ ಲಿವರೂ ಪೆಡಲೂ ಗಟ್ಟಿಯಾಗುವವರೆಗೆ ಪಂಪ್ ಮಾಡಿದ್ರಾ? ಪಿಸ್ಟನ್ ಒಳಗೆ ತಳ್ಳಿರುತ್ತಾರೆ, ಮೊದಲ ಒತ್ತು ಸುಮ್ನೆ ಒಳಗೆ ಹೋಗುತ್ತದೆ.

ಆಮೇಲೆ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು. ಬೆಳಗ್ಗೆ ಬೇಗ, ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ 60ರಿಂದ 20ಕ್ಕೆ ಮಧ್ಯಮ ಬಲದಲ್ಲಿ ಹಲವು ಸಲ ಇಳಿಸಿ. ಪೂರ್ತಿ ನಿಲ್ಲಿಸಬೇಡಿ, ನಡುವೆ ತಣ್ಣಗಾಗಲು ಓಡಿಸಿ. ಕೈಯಿಂದ ಒಂದಷ್ಟು ಸಲ, ಪೆಡಲಿನಿಂದ ಒಂದಷ್ಟು ಸಲ ಮಾಡಿ, ಯಾಕಂದ್ರೆ ಎರಡೂ ಬೇರೆ ಬೇರೆ ಪಿಸ್ಟನ್ ಒತ್ತುತ್ತವೆ.

ಗಾಡಿ ತರುವಾಗ ಏನೇನು ತರಬೇಕು?

ಮಾಡೆಲ್ ವರ್ಷ ಗೊತ್ತಿರಲಿ, ಆರ್‌ಸಿ ಕಾಪಿ ಸಾಕು. ಬಿಡಿಭಾಗ ಹೊರಗಿನಿಂದ ತರಿಸುವುದಿದ್ದರೆ ಫ್ರೇಮ್ ನಂಬರ್ ನೋಡಿಯೇ ಆರ್ಡರ್ ಮಾಡಬೇಕು. ಒಂದೇ ಹೆಸರಿನ ವಿಎಫ್‌ಆರ್800ರಲ್ಲೂ 2002ರ ಮಾಡೆಲಿನ ಲಿಂಕ್ 1998ರದ್ದರಂತಿಲ್ಲ, ಪೈಪ್ ಸೆಟ್ ಅದಲು ಬದಲಾದರೆ ಕೂರೋದಿಲ್ಲ. ಹಿಂದೆ ಯಾರು ಏನು ಮಾಡಿದ್ದಾರೆ, ಆಯಿಲ್ ಯಾವಾಗ ಬದಲಾಯಿಸಿದ್ದು ಅನ್ನೋದು ನೆನಪಿದ್ದರೆ ಹೇಳಿ. ಬರುವ ದಾರಿಯಲ್ಲಿ ಗಾಡಿ ತೊಳೆಸಿಕೊಂಡು ಬರಬೇಡಿ. ಆಯಿಲ್ ಸೋರಿದ ಗುರುತು, ಪ್ಯಾಡಿನ ಪುಡಿ ಎಲ್ಲಿ ಜಾಸ್ತಿ ಕೂತಿದೆ ಅನ್ನೋದು ಕೊಳೆಯಿದ್ದಾಗಲೇ ಕಾಣೋದು.